ಶರ್ಲಿಯೋ, ಪ್ಯಾಟ್ಸಿಯೋ, ಐವರು ಅಕ್ಕತಂಗಿಯರೋ? ಮೊದಲ ಕಾಂಪೊಸಿಷನ್ ಗೊಂಬೆ ಕೊಳ್ಳುವ ಮುಂಚೆ

ಹಳೇ ಅಮೆರಿಕನ್ ಗೊಂಬೆ ಕೂಡಿಡಬೇಕು ಅಂತ ಹೊರಟವರು ನನ್ನ ಹತ್ತಿರ ಹೆಸರು ಹಿಡಿದುಕೊಂಡೇ ಬರುತ್ತಾರೆ. ಶರ್ಲಿ ಟೆಂಪಲ್ ತಗೊಳ್ಳಲಾ, ಪ್ಯಾಟ್ಸಿ ತಗೊಳ್ಳಲಾ, ಇಲ್ಲ ಸೀದಾ ಡಿಯೋನ್ ಅಕ್ಕತಂಗಿಯರ ಐದು ಗೊಂಬೆಗಳ ಸೆಟ್ಟಿಗೇ ಕೈ ಹಾಕಲಾ ಅಂತ. ನಾನೂ ನ್ಯೂಜೆರ್ಸಿಗೆ ಬಂದ ಹೊಸತರಲ್ಲಿ ಹೀಗೇ ಹೆಸರಿನ ಹಿಂದೆ ಓಡಿದವಳು. ಈಗ ಯಾರಾದರೂ ಕೇಳಿದರೆ ಮೊದಲು ಹೇಳುವುದು ಒಂದೇ ಮಾತು: ಹೆಸರು ಆಮೇಲೆ ನೋಡಿ, ಮೊದಲು ಚರ್ಮ ನೋಡಿ.

ಚರ್ಮ ಅಂದರೆ ಗೊಂಬೆಯ ಮೇಲಿನ ಬಣ್ಣದ ಪದರ. ಕಾಂಪೊಸಿಷನ್ ಗೊಂಬೆಯಲ್ಲಿ, ಅಂದರೆ ಮರದ ಹೊಟ್ಟು, ಅಂಟು ಕಲಸಿ ಮಾಡಿದ ಗೊಂಬೆಯಲ್ಲಿ, ಹಾಳಾಗುವುದು ಅದೇ, ಬೆಲೆ ನಿಂತಿರುವುದೂ ಅದರ ಮೇಲೆಯೇ. ನನಗೆ ಇದು ತಿಳಿದದ್ದು ಕೆಟ್ಟ ರೀತಿಯಲ್ಲಿ. ಲ್ಯಾಂಬರ್ಟ್‌ವಿಲ್ ಊರಿನ ಹಳೇ ಸಾಮಾನಿನ ಸಂತೆಯಲ್ಲಿ ಒಂದು ಭಾನುವಾರ ಹೆಸರಿಲ್ಲದ ಒಂದು ಮಗುವಿನ ಗೊಂಬೆ ತಂದೆ, ಕೆನ್ನೆ ತುಂಬಾ ಧೂಳು ಕೂತಿತ್ತು, ಮನೆಗೆ ಬಂದವಳೇ ಒದ್ದೆ ಬಟ್ಟೆ ತಗೊಂಡು ಮುಖ ಒರೆಸಿದೆ. ಧೂಳಿನ ಜೊತೆ ಕೆನ್ನೆಯೂ ಬಟ್ಟೆಗೆ ಬಂತು! ಕೆಳಗೆ ಕಂದು ಬಣ್ಣದ ಹೊಟ್ಟು ಕಾಣಿಸಿತು. ಆ ಗೊಂಬೆ ಇವತ್ತಿಗೂ ನನ್ನ ಹತ್ತಿರ ಇದೆ, ಯಾರಿಗೂ ತೋರಿಸುವುದಿಲ್ಲ.

ಕಾಂಪೊಸಿಷನ್ ಅಂದರೆ ಮರದ ಹೊಟ್ಟು, ಅಂಟು, ಗಂಜಿ, ರಾಳ ಇಂಥವನ್ನೆಲ್ಲ ಕಲಸಿ ಅಚ್ಚಿಗೆ ಒತ್ತಿ ಮಾಡಿದ್ದು. ಒಂದೊಂದು ಕಾರ್ಖಾನೆಯದು ಒಂದೊಂದು ಪಾಕ. ಎರಡು ಹೋಳು ಮಾಡಿ, ಅಂಟಿಸಿ, ಉಜ್ಜಿ ನಯ ಮಾಡಿ, ಮೈಬಣ್ಣದಲ್ಲಿ ಅದ್ದಿ, ಮೇಲೆ ಕೆನ್ನೆಗೆ ಕೆಂಪು ಸಿಂಪಡಿಸುತ್ತಿದ್ದರು. ಕೊಪ್ಪಳದ ಕಿನ್ನಾಳ ಗೊಂಬೆಗಳನ್ನು ನೋಡಿದವರಿಗೆ ಇದು ಹೊಸತು ಅನ್ನಿಸುವುದಿಲ್ಲ. ಅಲ್ಲಿಯೂ ಮರದ ತುಂಡುಗಳನ್ನು ಕೂಡಿಸಲು ಹುಣಸೆ ಬೀಜದ ಅಂಟು, ಮರದ ಹೊಟ್ಟು ಬಳಸುತ್ತಾರೆ. ಆದರೆ ಕಿನ್ನಾಳದಲ್ಲಿ ಒಳಗೆ ಗಟ್ಟಿ ಮರ ಇರುತ್ತದೆ. ಇಲ್ಲಿ ಒಳಗಿನದ್ದೂ ಹೊಟ್ಟೇ. ಪಿಂಗಾಣಿ ಮುಖದ ಜರ್ಮನ್ ಗೊಂಬೆ ಬಿದ್ದರೆ ಒಡೆಯುತ್ತಿತ್ತಲ್ಲ, ಅದಕ್ಕೆ ಬದಲಿಯಾಗಿ ಅಮೆರಿಕದವರು ಇದನ್ನು ಒಡೆಯದ ಗೊಂಬೆ ಅಂತ ಮಾರಿದರು. ಹಾರ್ಸ್‌ಮನ್ ಕಂಪನಿಯಂತೂ 'ಕಾಂಟ್ ಬ್ರೇಕ್ ಎಮ್' ಅಂತಲೇ ಹೆಸರಿಟ್ಟಿತ್ತು. ಬಿದ್ದರೆ ಒಡೆಯಲಿಲ್ಲ, ನಿಜ. ಆದರೆ ಸುಮ್ನೆ ಇಟ್ಟಲ್ಲೇ ಬಿರಿಯಿತು.

ಯಾಕೆ ಅಂದರೆ, ಹೊಟ್ಟು ಗಾಳಿಯಲ್ಲಿನ ತೇವ ಹೀರಿ ಉಬ್ಬುತ್ತದೆ, ಒಣ ಹವೆಯಲ್ಲಿ ಕುಗ್ಗುತ್ತದೆ. ಮೇಲಿನ ಬಣ್ಣ ಅದರಷ್ಟು ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಎಂಬತ್ತು ತೊಂಬತ್ತು ವರ್ಷ ಈ ಎಳೆದಾಟ ನಡೆದರೆ ಮೈಮೇಲೆ ಬೇಸಿಗೆಯ ಕೆರೆ ತಳದ ಹಾಗೆ ಗೆರೆ ಬೀಳುತ್ತವೆ. ಇದಕ್ಕೆ ಕೂಡಿಡುವವರ ಮಾತಿನಲ್ಲಿ ಕ್ರೇಜಿಂಗ್ ಅಂತಾರೆ. ಕೂದಲೆಳೆಯಷ್ಟು ಸಣ್ಣ ಗೆರೆ ಇದ್ದರೆ ಹೆದರಬೇಡಿ, ಈ ವಯಸ್ಸಿಗೆ ಅದು ಸಹಜ. ಗೆರೆಯ ಅಂಚು ಮೇಲೆದ್ದಿದ್ದರೆ, ಬೆರಳಿಗೆ ಚಕ್ಕೆ ತಾಗುತ್ತಿದ್ದರೆ ಬಿಟ್ಟುಬಿಡಿ. ಚಪ್ಪಟೆ ಗೆರೆಗೂ ಎದ್ದ ಗೆರೆಗೂ ಇರುವ ಅಂತರ ದೊಡ್ಡದು: ಒಂದು ಹಾಗೇ ಇನ್ನಷ್ಟು ವರ್ಷ ಇರುತ್ತದೆ, ಇನ್ನೊಂದು ನಿಮ್ಮ ಕಪಾಟಿನಲ್ಲೇ ಉದುರುತ್ತದೆ.

ಈಗ ಹೆಸರುಗಳಿಗೆ ಬರೋಣ.

ಶರ್ಲಿ ಟೆಂಪಲ್

ಎಲ್ಲರಿಗೂ ಬೇಕಾದದ್ದು ಇವಳೇ. ಹಾಲಿವುಡ್ ಬಾಲನಟಿ ಶರ್ಲಿ ಟೆಂಪಲ್ ಹೆಸರಿನಲ್ಲಿ ಐಡಿಯಲ್ ಕಂಪನಿ 1934ರಲ್ಲಿ ಹೊರತಂದದ್ದು. ಆಗ ಆ ಬಾಲನಟಿಗೆ ಆರು ವರ್ಷ. 11 ಇಂಚಿನಿಂದ 27 ಇಂಚಿನವರೆಗೆ ಬೇರೆ ಬೇರೆ ಅಳತೆಯಲ್ಲಿ ಬಂದಳು. ಕೆನ್ನೆಯಲ್ಲಿ ಗುಳಿ, ತೆರೆದ ಬಾಯಲ್ಲಿ ಮೇಲಿನ ಹಲ್ಲುಸಾಲು, ಮುಚ್ಚಿ ತೆರೆಯುವ ಹಸಿರು ಮಿಶ್ರಿತ ಕಂದು ಕಣ್ಣು, ಗುಂಗುರು ಗುಂಗುರಾದ ಮೊಹೇರ್ ಕೂದಲು. ನೋಡಿದರೆ ಬೇಕು ಅನ್ನಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಲೆಕ್ಕ ಹಾಕಿ ನೋಡಿ, ಇವಳಲ್ಲಿ ಕೆಡಬಹುದಾದ ಜಾಗ ಎಷ್ಟು! ಚರ್ಮ ಸರಿ. ಅದರ ಮೇಲೆ ಕಣ್ಣು: ಒಳಗಡೆ ಲೋಹದ ಸಲಕರಣೆ, ಮೇಲೆ ಗಾಜಿನಂಥ ಹೊಳಪಿನ ಪದರ. ಕಾಲ ಕಳೆದಂತೆ ಆ ಪದರ ಮಂಜಾಗುತ್ತದೆ, ಪೊರೆ ಬಂದ ಅಜ್ಜಿಯ ಕಣ್ಣಿನ ಹಾಗೆ. ಒಂದು ತೊಟ್ಟು ಎಣ್ಣೆ ಹಾಕಿದರೆ ಹೊಳಪು ಬರುತ್ತದೆ ಅಂತ ಹೇಳಿಕೊಡುವವರು ಸಿಗುತ್ತಾರೆ. ಎಣ್ಣೆ ಕಣ್ಣಿನಿಂದ ಇಳಿದು ಹೊಟ್ಟಿಗೆ ಸೇರಿದರೆ ಕಲೆ ಹೋಗುವುದೇ ಇಲ್ಲ, ನಾನಂತೂ ಹಾಕುವುದಿಲ್ಲ. ಆಮೇಲೆ ಕೂದಲು. ಮೊಹೇರ್ ಅಂದರೆ ಅಂಗೋರಾ ಮೇಕೆಯ ಕೂದಲು, ನುಸಿಗೆ ಹಬ್ಬದೂಟ. ಬಾಚಣಿಗೆ ಹಾಕಿದಿರೋ, ಕಾರ್ಖಾನೆಯಲ್ಲಿ ಕೂರಿಸಿದ ಸುರುಳಿ ಬಿಚ್ಚಿಹೋಗುತ್ತದೆ, ಮತ್ತೆ ಹಾಗೇ ಬರುವುದಿಲ್ಲ. ಆಮೇಲೆ ಬಟ್ಟೆ. ಶರ್ಲಿಯ ಬೆಲೆಯಲ್ಲಿ ಅಸಲಿ ಫ್ರಾಕಿನ ಪಾಲು ಜಾಸ್ತಿ. ಮೊದಮೊದಲ ಫ್ರಾಕುಗಳಿಗೆ ಹೊಲಿದ ಬಟ್ಟೆಪಟ್ಟಿಯ ಮೇಲೆ ನೀಲಿ ಹದ್ದಿನ ಗುರುತು ಇರುತ್ತದೆ. ಅದು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಸರ್ಕಾರ ಕೈಗಾರಿಕೆಗಳಿಗೆ ತಂದಿದ್ದ ಎನ್‌ಆರ್‌ಎ (ನ್ಯಾಷನಲ್ ರಿಕವರಿ ಅಡ್ಮಿನಿಸ್ಟ್ರೇಷನ್) ಯೋಜನೆಯ ಮುದ್ರೆ. ಆ ಯೋಜನೆಯನ್ನು ಅಲ್ಲಿನ ಸುಪ್ರೀಂ ಕೋರ್ಟು 1935ರ ಮೇ ತಿಂಗಳಲ್ಲಿ ರದ್ದು ಮಾಡಿತು, ಹಾಗಾಗಿ ಹದ್ದು ಇದ್ದರೆ ಬಟ್ಟೆ ಮೊದಲ ಕಾಲದ್ದು ಅಂತ ಅರ್ಥ. ಒಂದು ಚೂರು ಬಟ್ಟೆಪಟ್ಟಿ ಇಷ್ಟು ಹೇಳುತ್ತದೆ ಅನ್ನುವುದೇ ನನಗೆ ಈ ಹವ್ಯಾಸದಲ್ಲಿ ಇಷ್ಟವಾದ ಸಂಗತಿ. ಹಾಗಂತ ಫ್ರಾಕಿಗೆ ಹದ್ದಿದೆ ಅಂದಮಾತ್ರಕ್ಕೆ ಗೊಂಬೆಗೆ ಜಾಸ್ತಿ ದುಡ್ಡು ಕೊಡಬೇಡಿ. ಫ್ರಾಕು ಬಿಚ್ಚಿ ತೊಡಿಸಬಹುದಾದ ವಸ್ತು ಅಲ್ವಾ?

ಮೋಸದ ವಿಷಯ ಒಂದಿದೆ. ಬೆನ್ನ ಮೇಲೆ ಶರ್ಲಿ ಟೆಂಪಲ್ ಅಂತ ಅಚ್ಚಾಗಿದ್ದರೆ ಸಾಕು ಅಂದುಕೊಳ್ಳುತ್ತಾರೆ. ಐಡಿಯಲ್‌ನವರು ಶರ್ಲಿಯ ಮೈ ಅಚ್ಚನ್ನೇ ಬೇರೆ ಗೊಂಬೆಗಳಿಗೂ ಬಳಸಿದ್ದಾರೆ. ಅವರ ಸ್ನೋ ವೈಟ್, ದಕ್ಷಿಣ ಸಮುದ್ರದ ಹುಡುಗಿ ಮರಾಮಾ, ಎರಡರ ಮೇಲೂ ಆ ಗುರುತು ಸಿಗುತ್ತದೆ. ಅದಕ್ಕೇ ಕತ್ತಿನ ಹಿಂದೆ ತಲೆಯ ಮೇಲಿನ ಗುರುತನ್ನೂ ನೋಡಿ, ಎರಡೂ ಕಡೆಯ ಅಳತೆಯ ಅಂಕಿ ಹೊಂದುತ್ತದೆಯಾ ನೋಡಿ, ಕೊನೆಗೆ ಮುಖ ನೋಡಿ. ಇವಳ ಜನಪ್ರಿಯತೆ ನೋಡಿ ಬೇರೆ ಕಂಪನಿಯವರೂ ಸುರುಳಿ ಕೂದಲಿನ ಹುಡುಗಿಯರನ್ನು ರಾಶಿ ರಾಶಿ ತಂದರು. ಕೆಲವು ಚೆನ್ನಾಗಿಯೇ ಇವೆ, ಶರ್ಲಿ ಬೆಲೆ ಮಾತ್ರ ಕೊಡಬೇಡಿ. ಇನ್ನೊಂದು, 1957ರಿಂದ ಐಡಿಯಲ್ ಇದೇ ಹೆಸರಿನಲ್ಲಿ ವಿನೈಲ್ ಗೊಂಬೆ ಮಾಡಿತು, 1970ರ ದಶಕದಲ್ಲಿ ಮತ್ತೆ ಮಾಡಿತು. ವಿನೈಲ್ ಒತ್ತಿದರೆ ಮೆತ್ತಗೆ, ಕೂದಲು ತಲೆಗೇ ನೆಟ್ಟಿರುತ್ತದೆ. ಫೋಟೋದಲ್ಲಿ ಗೊತ್ತಾಗದಿದ್ದರೆ ಮಾರುವವರನ್ನು ಕೂದಲ ಬುಡದ ಚಿತ್ರ ಕೇಳಿ.

ಪ್ಯಾಟ್ಸಿ

ನನ್ನ ಓಟು ಇವಳಿಗೆ, ಮುಚ್ಚಿಡುವುದೇನಿದೆ. ಎಫಾನ್‌ಬೀ ಕಂಪನಿ 1928ರಲ್ಲಿ ತಂದದ್ದು. ಸುಮಾರು 14 ಇಂಚು. ಶರ್ಲಿಯ ಮುಖ ಕೆತ್ತಿದ ಬರ್ನಾರ್ಡ್ ಲಿಪ್ಫರ್ಟ್ ಅವರೇ ಇವಳನ್ನೂ ಕೆತ್ತಿದವರು. ಅದಕ್ಕೂ ಮುಂಚಿನ ಗೊಂಬೆಗಳಲ್ಲಿ ಹೆಚ್ಚಿನವು ಒಂದೋ ಕೂಸು, ಇಲ್ಲ ದೊಡ್ಡ ಹೆಂಗಸು, ಇಲ್ಲ ಗೊಂಬೆಯಂಥ ಗೊಂಬೆ. ಪ್ಯಾಟ್ಸಿ ಮಾತ್ರ ಪಕ್ಕದ ಮನೆಯ ತುಂಟ ಹುಡುಗಿ. ಕೆಂಗಂದು ಬಾಬ್ ಕೂದಲು, ಸಣ್ಣ ಬಾಯಿ, ಬದಿಗೆ ವಾರೆಗಣ್ಣು, ಒಂದು ಕೈ ಮೊಣಕೈಯಲ್ಲಿ ಬಾಗಿದೆ. ಏನೋ ತಪ್ಪು ಮಾಡಿ ಬಂದು ನಿಂತ ಹಾಗೆ.

ಇವಳನ್ನು ಮೊದಲ ಗೊಂಬೆಯಾಗಿ ತಗೊಳ್ಳಿ ಅನ್ನುವುದಕ್ಕೆ ಕಾರಣ ಮುಖವೊಂದೇ ಅಲ್ಲ. ಕೂದಲು ತಲೆಯ ಅಚ್ಚಿನಲ್ಲೇ ಇದೆ, ಹಾಗಾಗಿ ನುಸಿಯ ಚಿಂತೆ ಇಲ್ಲ. ಹೆಚ್ಚಿನ ಪ್ಯಾಟ್ಸಿಗಳ ಕಣ್ಣು ಬರೆದದ್ದು, ಹಾಗಾಗಿ ಮಂಜಾಗುವ ಚಿಂತೆಯೂ ಇಲ್ಲ. ಉಳಿಯುವುದು ಚರ್ಮ ಮತ್ತು ಒಳಗಿನ ಎಲಾಸ್ಟಿಕ್. ಕೈಕಾಲು ತಲೆ ಎಲ್ಲ ಒಳಗೆ ಎಲಾಸ್ಟಿಕ್ಕಿನಿಂದ ಬಿಗಿದಿರುತ್ತವೆ. ಹಳೆಯದು ಸಡಿಲವಾಗಿ ಕೈ ಜೋತಾಡುತ್ತಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಅದನ್ನು ಹೊಸದು ಹಾಕಬಹುದು, ಒಂದು ಕೊಕ್ಕೆ, ಒಂದು ಸಂಜೆ ಸಾಕು. ಎಲಾಸ್ಟಿಕ್ ಬದಲಿಸಿದ್ದಕ್ಕೆ ಯಾರೂ ಬೆಲೆ ಇಳಿಸುವುದಿಲ್ಲ. ಹಾಗಾಗಿ ಕೈಕಾಲು ಬಿಚ್ಚಿ ಡಬ್ಬಿಯಲ್ಲಿ ಬಿದ್ದಿರುವ, ಆದರೆ ಮುಖ ಚೊಕ್ಕ ಇರುವ ಪ್ಯಾಟ್ಸಿ ಸಿಕ್ಕರೆ ಕಣ್ಣುಮುಚ್ಚಿ ತಗೊಳ್ಳಿ.

ಕೈಯಲ್ಲಿ ಹೃದಯದ ಆಕಾರದ ಬಿಲ್ಲೆ ಇರುವ ಸಣ್ಣ ಲೋಹದ ಬಳೆ ಇದ್ದರೆ ಅದು ಎಫಾನ್‌ಬೀ ಗುರುತು. ಹೆಚ್ಚಿನವು ಕಳೆದುಹೋಗಿವೆ. ಬೆನ್ನ ಮೇಲೆ ಸಾಮಾನ್ಯವಾಗಿ ಹೆಸರು ಅಚ್ಚಾಗಿರುತ್ತದೆ. ಇವಳಿಗೆ ದೊಡ್ಡ ಕುಟುಂಬವೇ ಇದೆ. 9 ಇಂಚಿನ ಪ್ಯಾಟ್ಸಿಯೆಟ್, 19 ಇಂಚಿನ ಪ್ಯಾಟ್ಸಿ ಆ್ಯನ್, ಅಂಗೈಯಲ್ಲಿ ಕೂರುವ ವೀ ಪ್ಯಾಟ್ಸಿ. ಜಾಗ ಕಡಿಮೆ ಇರುವ ಅಪಾರ್ಟ್‌ಮೆಂಟಿನವರಿಗೆ ಪ್ಯಾಟ್ಸಿಯೆಟ್ ಚೆನ್ನ. ಪ್ಯಾಟ್ಸಿ ಆ್ಯನ್‌ಗೆ ಮುಚ್ಚಿ ತೆರೆಯುವ ಕಣ್ಣು, ಮತ್ತೆ ಅದೇ ತಲೆನೋವು.

ಇವಳನ್ನೂ ನಕಲು ಮಾಡದವರು ಯಾರು! ಅಂಥವನ್ನು ಸಂತೆಯಲ್ಲಿ ಪ್ಯಾಟ್ಸಿ ಥರದವು ಅಂತ ಮಾರುತ್ತಾರೆ. ಅಮೆರಿಕನ್ ಕ್ಯಾರೆಕ್ಟರ್ ಕಂಪನಿಯ ಸ್ಯಾಲಿ, ಆರಾನ್‌ಬೀಯ ನ್ಯಾನ್ಸಿ ಹೀಗೆ. ಕಡಿಮೆ ದುಡ್ಡಿಗೆ ಸಿಗುತ್ತವೆ, ಎಲಾಸ್ಟಿಕ್ ಹಾಕುವುದನ್ನು ಇವುಗಳ ಮೇಲೆ ಕಲಿಯಬಹುದು.

ಡಿಯೋನ್ ಐವರು

ಕೆನಡಾದ ಒಂಟಾರಿಯೋದಲ್ಲಿ 1934ರ ಮೇ 28ರಂದು ಒಂದೇ ಬಸಿರಿನಲ್ಲಿ ಐದು ಹೆಣ್ಣುಮಕ್ಕಳು ಹುಟ್ಟಿ, ಐವರೂ ಬದುಕಿದರು. ಮೇಡಮ್ ಅಲೆಕ್ಸಾಂಡರ್ ಕಂಪನಿ ಅವರ ಗೊಂಬೆ ಮಾಡುವ ಹಕ್ಕು ಪಡೆಯಿತು. ಏಳೆಂಟು ಇಂಚಿನ ಕೂಸುಗಳ ಸೆಟ್ಟು ಹೆಚ್ಚಾಗಿ ಸಿಗುತ್ತದೆ, ದೊಡ್ಡವೂ ಇವೆ. ಒಬ್ಬೊಬ್ಬರಿಗೆ ಒಂದೊಂದು ಬಣ್ಣ: ಇವೋನ್‌ಗೆ ಗುಲಾಬಿ, ಆನೆಟ್‌ಗೆ ಹಳದಿ, ಸೆಸಿಲ್‌ಗೆ ಹಸಿರು, ಎಮಿಲಿಗೆ ತಿಳಿ ನೇರಳೆ, ಮರಿಗೆ ನೀಲಿ.

ಇಲ್ಲಿ ಕಷ್ಟ ಏನೆಂದರೆ ನೀವು ಕೊಳ್ಳುವುದು ಒಂದು ಗೊಂಬೆಯಲ್ಲ, ಐದು. ಐದರ ಚರ್ಮವೂ ಒಂದೇ ಥರ ಇರಬೇಕು. ಒಂದಕ್ಕೆ ಗೆರೆ ಜಾಸ್ತಿ ಇದ್ದರೆ ಕಣ್ಣು ಅಲ್ಲಿಗೇ ಹೋಗುತ್ತದೆ. ನಾಲ್ಕು ಸಿಕ್ಕು ಐದನೆಯದಕ್ಕೆ ವರ್ಷಗಟ್ಟಲೆ ಹುಡುಕುವವರಿದ್ದಾರೆ, ಕೊನೆಗೆ ಸಿಕ್ಕದ್ದರ ಮೈಬಣ್ಣ ಉಳಿದ ನಾಲ್ಕಕ್ಕೆ ಹೊಂದುವುದಿಲ್ಲ. ಮೊದಲ ಸಲಕ್ಕೆ ಬೇಡ. ಸಣ್ಣವಕ್ಕೆ ಕಣ್ಣು ಬರೆದದ್ದು ಅನ್ನುವುದೊಂದು ಅನುಕೂಲ, ಅಷ್ಟೆ.

ಜೊತೆಗೆ ನನಗೆ ಇನ್ನೊಂದು ಮುಜುಗರ ಇದೆ, ಅದು ನನ್ನದು ಮಾತ್ರ ಇರಬಹುದು. ಆ ಮಕ್ಕಳನ್ನು ಸರ್ಕಾರ ತಂದೆತಾಯಿಯಿಂದ ತೆಗೆದುಕೊಂಡು ಬೇರೆ ಕಟ್ಟಡದಲ್ಲಿ ಇಟ್ಟು, ಜನ ಸಾಲುಗಟ್ಟಿ ಬಂದು ಅವರು ಆಡುವುದನ್ನು ನೋಡುವಂತೆ ಮಾಡಿತ್ತು. 1943ರವರೆಗೂ ಮನೆಗೆ ಕಳಿಸಲಿಲ್ಲ. ಆ ಕತೆ ಗೊತ್ತಾದ ಮೇಲೆ ಐದು ಗೊಂಬೆಗಳನ್ನು ಗಾಜಿನ ಕಪಾಟಿನಲ್ಲಿ ಸಾಲಾಗಿ ಕೂರಿಸಲು ನನಗೆ ಮನಸ್ಸು ಬರಲಿಲ್ಲ.

ಹೆಸರಿಲ್ಲದವು, ಮಾಮಾ ಗೊಂಬೆಗಳು

ಬೇಗ ಹೇಳಿ ಮುಗಿಸುತ್ತೇನೆ. ತಲೆ, ಕೈ, ಕಾಲು ಕಾಂಪೊಸಿಷನ್, ಹೊಟ್ಟೆ ಬಟ್ಟೆಯದು, ಒಳಗೊಂದು ಡಬ್ಬಿ. ಬಾಗಿಸಿದರೆ 'ಮಾಮಾ' (ಇಂಗ್ಲಿಷಿನಲ್ಲಿ ಅಮ್ಮ) ಅನ್ನುತ್ತದೆ ಅಥವಾ ಅನ್ನುತ್ತಿತ್ತು. 1920ರ ದಶಕದಲ್ಲಿ ಇವುಗಳ ಕಾಲ. ಡಬ್ಬಿ ಸಾಮಾನ್ಯವಾಗಿ ಸತ್ತಿರುತ್ತದೆ. ಬಟ್ಟೆಯ ಹೊಟ್ಟೆಯನ್ನು ಮೂಗಿನ ಹತ್ತಿರ ಹಿಡಿದು ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ ಒಳಗೆ ತೇವ ಹೊಕ್ಕಿದೆ, ಆ ವಾಸನೆ ಹೋಗುವುದು ಬಹಳ ಕಷ್ಟ. ವಾಸನೆ ಇಲ್ಲ, ಮುಖ ಸರಿ ಇದೆ ಅಂದರೆ ಕೈ ತುಂಬುವ ಗೊಂಬೆ, ಬೆಲೆಯೂ ಹಗುರ.

ಗೆರೆ ಬಿದ್ದದ್ದೋ, ಬಣ್ಣ ಬಳಿದದ್ದೋ

ಕೊಳ್ಳುವಾಗ ನಿಜವಾದ ಆಯ್ಕೆ ಹೆಚ್ಚಾಗಿ ಇಲ್ಲಿಗೆ ಬಂದು ನಿಲ್ಲುತ್ತದೆ. ಒಂದೇ ಬೆಲೆಗೆ ಎರಡು ಶರ್ಲಿ: ಒಬ್ಬಳ ಮುಖದಲ್ಲಿ ಸಣ್ಣ ಗೆರೆಗಳಿವೆ, ಇನ್ನೊಬ್ಬಳ ಮುಖ ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿದೆ. ಹೊಸಬರು ಹೊಳೆಯುವುದನ್ನೇ ಎತ್ತಿಕೊಳ್ಳುತ್ತಾರೆ. ನಾನೂ ಎತ್ತಿಕೊಂಡೆ, ಇಂಟರ್ನೆಟ್ಟಿನಲ್ಲಿ, ಫೋಟೋ ನೋಡಿ. ಮನೆಗೆ ಬಂದ ಮೇಲೆ ನೋಡಿದರೆ ಮೂಗಿನ ಹೊಳ್ಳೆ ಬಣ್ಣದಿಂದ ಮುಚ್ಚಿಹೋಗಿತ್ತು, ಕಿವಿಯ ಮಡಿಕೆ ತುಂಬಿತ್ತು, ಕೆನ್ನೆಯ ಕೆಂಪಿಗೆ ಅಂಚು ಇತ್ತು. ಕಾರ್ಖಾನೆಯ ಕೆನ್ನೆಗೆ ಅಂಚು ಇರುವುದಿಲ್ಲ, ಸಿಂಪಡಿಸಿದ್ದರಿಂದ ಅದು ಸುತ್ತಲಿನ ಬಣ್ಣದಲ್ಲಿ ಕರಗಿ ಹೋಗಿರುತ್ತದೆ. ಮಾರಿದವರು ಅಸಲಿ ಬಣ್ಣ ಅಂತ ಬರೆದಿದ್ದರು. ಬರೆದು ಕೇಳಿದೆ, ನಮಗೆ ಹಾಗೇ ಬಂದಿತ್ತು ಅಂದರು, ಮುಗಿಯಿತು.

ಅಸಲಿ ಚರ್ಮದ ಮೇಲೆ ಗೆರೆ ಇರುವುದು ಯಾವತ್ತೂ ಹೊಸ ಬಣ್ಣಕ್ಕಿಂತ ಮೇಲು. ಒಂದು ಸಣ್ಣ ನೇರಳಾತೀತ ಟಾರ್ಚು ಚೀಲದಲ್ಲಿಟ್ಟುಕೊಳ್ಳಿ. ಕತ್ತಲಲ್ಲಿ ಬೆಳಕು ಬಿಟ್ಟರೆ ತೇಪೆ ಹಾಕಿದ ಜಾಗ ಸುತ್ತಲಿನದಕ್ಕಿಂತ ಬೇರೆ ಥರ ಹೊಳೆಯುವುದು ಸಾಮಾನ್ಯ. ಪೂರ್ತಿ ಬಳಿದಿದ್ದರೆ ಟಾರ್ಚಿನಿಂದ ಅಷ್ಟು ಗೊತ್ತಾಗುವುದಿಲ್ಲ, ಆಗ ತಲೆ ಮತ್ತು ಕೈಯ ಬಣ್ಣ ಪಕ್ಕಪಕ್ಕ ಇಟ್ಟು ನೋಡಿ. ಆಟಕ್ಕೆ, ಅಲಂಕಾರಕ್ಕೆ, ಮಗಳ ಕೋಣೆಗೆ ಅಂತ ಕೊಳ್ಳುವವರು ಬಣ್ಣ ಬಳಿದದ್ದನ್ನು ಖುಷಿಯಾಗಿ ತಗೊಳ್ಳಿ, ಆದರೆ ಬಣ್ಣ ಬಳಿದದ್ದರ ಬೆಲೆಗೆ.

ಊರಿಗೆ ಒಯ್ಯುವವರಿಗೆ

ಬೆಂಗಳೂರು, ಮೈಸೂರಿನವರು ಕೇಳಿದರೆ ಯೋಚನೆ ಮಾಡಿ ಹೂಂ ಅನ್ನುತ್ತೇನೆ. ಮಂಗಳೂರು, ಉಡುಪಿ, ಕಾರವಾರದವರು ಕೇಳಿದರೆ ಕಾಂಪೊಸಿಷನ್ನೇ ಬೇಡ ಅನ್ನುತ್ತೇನೆ. ಆಟಿ ತಿಂಗಳಲ್ಲಿ ಚಪ್ಪಲಿಗೇ ಬೂಷ್ಟು ಬರುವ ಕಡೆ ಹೊಟ್ಟಿನ ಗೊಂಬೆ ಎಷ್ಟು ದಿನ ತಡೆದೀತು? ಅಂಥವರಿಗೆ ಗಟ್ಟಿ ಪ್ಲಾಸ್ಟಿಕ್ಕಿನ ಗೊಂಬೆ ಒಳ್ಳೆಯದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಕಂಪನಿಗಳು ಒಂದೊಂದಾಗಿ ಅದಕ್ಕೆ ತಿರುಗಿದವು, 1950ರ ಹೊತ್ತಿಗೆ ಕಾಂಪೊಸಿಷನ್ನಿನ ಕತೆ ಹೆಚ್ಚೂಕಡಿಮೆ ಮುಗಿದಿತ್ತು. ಐಡಿಯಲ್‌ನ ಟೋನಿ ಗೊಂಬೆ 1949ರದ್ದು, ಅದೂ ಲಿಪ್ಫರ್ಟ್ ಕೆತ್ತಿದ ಮುಖವೇ. ಬೆನ್ನ ಮೇಲೆ ಪಿ-90 ಅಂತಿದ್ದರೆ 14 ಇಂಚಿನದು. ಕೂದಲು ನೈಲಾನಿನದು, ಮಕ್ಕಳು ಸಕ್ಕರೆ ನೀರು ಹಚ್ಚಿ ಸುರುಳಿ ಮಾಡಿ ಆಡಲಿ ಅಂತಲೇ ಮಾಡಿದ್ದು. ಕೆನ್ನೆಯ ಬಣ್ಣ ಬಿಟ್ಟು ಮೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಹುದು, ಕಣ್ಣಿಗೆ ಮಾತ್ರ ನೀರು ಹೋಗಬಾರದು, ಒಳಗಿನ ಲೋಹ ತುಕ್ಕು ಹಿಡಿಯುತ್ತದೆ. ಅಕ್ಕನ ಮಗಳಿಗೆ ನಾನು ಒಯ್ದದ್ದು ಟೋನಿಯನ್ನೇ. ಮೈಸೂರಿನಲ್ಲಿ ದಸರಾ ಗೊಂಬೆ ಕೂರಿಸುವಾಗ ಪಟ್ಟದ ಗೊಂಬೆಗಳಿಗಿಂತ ನಾಲ್ಕು ಮೆಟ್ಟಿಲು ಕೆಳಗೆ, ಚನ್ನಪಟ್ಟಣದ ರೈಲಿನ ಪಕ್ಕ ನಿಲ್ಲಿಸಿದ್ದಾರೆ.

ಕಾಂಪೊಸಿಷನ್ನೇ ಬೇಕು ಅಂತ ಹಟ ಇದ್ದರೆ ಸೂಟ್‌ಕೇಸಿನಲ್ಲಿ ಹಾಕಿ ಕಳಿಸಬೇಡಿ, ಕೈಚೀಲದಲ್ಲಿ ಒಯ್ಯಿರಿ. ಗುಳ್ಳೆ ಪ್ಲಾಸ್ಟಿಕ್ಕನ್ನು ನೇರ ಮೈಗೆ ಸುತ್ತಬೇಡಿ, ಬಣ್ಣಕ್ಕೆ ಅಂಟಿಕೊಳ್ಳುತ್ತದೆ. ತೊಳೆದು ಮೆತ್ತಗಾದ ಹಳೇ ಹತ್ತಿ ಪಂಚೆ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಮನೆಯಲ್ಲಿ ಬಿಸಿಲು ಬೀಳದ, ಬಾತ್‌ರೂಮಿಗೆ ತಾಗದ ಒಳಗೋಡೆಯ ಕಪಾಟು, ಒಂದು ಅಗ್ಗದ ತೇವಮಾಪಕ. ಮುಳ್ಳು ಶೇಕಡಾ 50ರ ಆಸುಪಾಸಿನಲ್ಲಿ ಇರಲಿ, ಅದಕ್ಕಿಂತ ಮುಖ್ಯ ಅಂದರೆ ದಿನಕ್ಕೊಂದು ಥರ ಕುಣಿಯದಿರಲಿ. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿಡುವುದು ದೊಡ್ಡ ತಪ್ಪು, ಒಳಗಿನ ತೇವ ಒಳಗೇ ಉಳಿಯುತ್ತದೆ. ಇಲ್ಲಿ ನ್ಯೂಜೆರ್ಸಿಯಲ್ಲೂ ಸುಖ ಇಲ್ಲ, ಚಳಿಗಾಲದಲ್ಲಿ ಹೀಟರ್ ಹಾಕಿದರೆ ಮನೆ ಒಣಗಿ ಹಪ್ಪಳವಾಗುತ್ತದೆ, ಕಪಾಟಿನ ಕೆಳಗಿನ ತಟ್ಟೆಯಲ್ಲಿ ಒಂದು ಲೋಟ ನೀರಿಡುತ್ತೇನೆ.

ಮುಚ್ಚಿ ತೆರೆಯುವ ಕಣ್ಣಿನ ಗೊಂಬೆಯನ್ನು ಬಹಳ ದಿನ ಎತ್ತಿಡುವುದಾದರೆ ಬೋರಲು ಮಲಗಿಸಿ. ಅಂಗಾತ ಇಟ್ಟರೆ ಕಣ್ಣಿನ ಭಾರ ಹಿಂದಕ್ಕೆ ಎಳೆದು, ಹಿಡಿದಿರುವ ಅಂಟು ಬಿಟ್ಟು, ಕಣ್ಣು ತಲೆಯೊಳಗೆ ಬೀಳಬಹುದು. ಅಮ್ಮ ಹೋದ ವರ್ಷ ಇಲ್ಲಿಗೆ ಬಂದಿದ್ದಾಗ ಕಪಾಟು ತೆಗೆದು ನೋಡಿ, ಮಗೂನ ಹೀಗಾ ಮಲಗಿಸೋದು ಅಂತ ಬೈದು ನನ್ನ ಶರ್ಲಿಯನ್ನು ಅಂಗಾತ ತಿರುಗಿಸಿ ಹೊದಿಕೆ ಹೊದಿಸಿದರು. ಅವರು ಮಲಗಿದ ಮೇಲೆ ನಾನು ಎದ್ದು ಹೋಗಿ ಮತ್ತೆ ಬೋರಲು ಹಾಕಿದೆ.